ಧ್ವನಿಮತದಲ್ಲಿ ಪಾಸಾದ ಚುನಾವಣಾ ಕಾಯ್ದೆಗಳಿಗೆ ನಮ್ಮ ಸಂಸದರು ಹೌದು ಅಂದ್ರಾ, ಇಲ್ಲ ಅಂದ್ರಾ? ತಿಳಿಯೋದು ಹೇಗೆ?

ಅಡಕೆತೋಟ
ಎಲ್ಲರಿಗೂ ನಮಸ್ಕಾರ. ನಮ್ಮೂರಲ್ಲಿ ಕೆಲವರು ಸೇರಿ ಕ್ಷೇತ್ರದ ಸಂಸದರಿಗೆ ಒಂದು ಪತ್ರ ಕೊಡೋಣ ಅಂತ ಕೂತಿದ್ವಿ. ರಸ್ತೆ, ರೈಲು, ಹೈಮಾಸ್ಟ್ ದೀಪದ ವಿಷಯ ಅಲ್ಲ. ಮತದಾನದ ಹಕ್ಕಿಗೆ ಸಂಬಂಧಪಟ್ಟ ಮಸೂದೆಗಳು ಬಂದಾಗ ಅವರು ಯಾವ ಕಡೆ ಇದ್ರು, ಯಾಕೆ ಇದ್ರು ಅಂತ ಕೇಳೋ ಪತ್ರ. ಮೊದಲು ಯಾರು ಎಲ್ಲಿ ಮತ ಹಾಕಿದ್ರು ಅಂತ ಪಟ್ಟಿ ಮಾಡೋಕೆ ಹೊರಟ್ರೆ ಕೈಗೆ ಏನೂ ಸಿಗ್ತಿಲ್ಲ.

ವೋಟರ್ ಐಡಿಗೆ ಆಧಾರ್ ಜೋಡಿಸೋ ಮಸೂದೆ 2021ರ ಡಿಸೆಂಬರ್ 20ಕ್ಕೆ ಲೋಕಸಭೆಗೆ ಬಂತು, ಅವತ್ತೇ ಪಾಸಾಯ್ತು, ಮರುದಿನ ರಾಜ್ಯಸಭೆಯಲ್ಲೂ ಪಾಸು. ಎರಡೂ ಕಡೆ ಧ್ವನಿಮತ, ಅಂದ್ರೆ ಹೌದು, ಇಲ್ಲ ಅಂತ ಕೂಗಿದ ಸದ್ದು ಕೇಳಿ ಮಾಡೋ ತೀರ್ಮಾನ. ಚುನಾವಣಾ ಆಯುಕ್ತರನ್ನ ಯಾರು ಆರಿಸಬೇಕು ಅನ್ನೋ 2023ರ ಕಾಯ್ದೆಯೂ ಧ್ವನಿಮತದಲ್ಲೇ ಆಯ್ತು. ಕರ್ನಾಟಕದಿಂದ ಲೋಕಸಭೆಗೆ 28 ಜನ, ರಾಜ್ಯಸಭೆಗೆ 12 ಜನ. ಒಬ್ಬರ ಹೆಸರಿನ ಮುಂದೂ ಹೌದು, ಇಲ್ಲ ಅನ್ನೋ ದಾಖಲೆ ಇಲ್ಲ.

ಹಾಗಾದ್ರೆ ಯಾರನ್ನ, ಯಾವ ಆಧಾರದ ಮೇಲೆ ಪ್ರಶ್ನೆ ಮಾಡೋದು? ಗೊತ್ತಿದ್ದವರು ದಯವಿಟ್ಟು ಹೇಳಿ.

ಹುಬ್ಬಳ್ಳಿ_ಗಾಳಿ
ಛಲೋ ಪ್ರಶ್ನಿ ಕೇಳೀರಿ. ನಮ್ಮ ಕಡೆ ಎಂಪಿ ಬಂದ್ರ ಮಂದಿ ರೈಲಿಂದು, ಫ್ಲೈಓವರಿಂದು ಕೇಳ್ತಾರ. ಈ ಪ್ರಶ್ನಿ ಕೇಳಿದವ್ರನ್ನ ನಾ ಇನ್ನೂ ನೋಡಿಲ್ಲ.

ನೇರಮಾತು
ಕೇಳಿ ಏನು ಪ್ರಯೋಜನ? ವಿಪ್, ಅಂದ್ರೆ ಹೀಗೇ ಮತ ಹಾಕಿ ಅನ್ನೋ ಪಕ್ಷದ ಆದೇಶ, ಕೊಟ್ಟ ಮೇಲೆ ಎಲ್ಲರೂ ಪಕ್ಷ ಹೇಳಿದ ಕಡೆ ಕೈ ಎತ್ತಬೇಕು. ಪಕ್ಷ ಯಾವುದು ಅಂತ ಗೊತ್ತಿದ್ರೆ ಮತ ಯಾವ ಕಡೆ ಅಂತಲೂ ಗೊತ್ತು. ದಾಖಲೆ ಹುಡುಕೋದು ಕಾಲಹರಣ.

ಕಾನೂನು_ಕಟ್ಟೆ
@ಅಡಕೆತೋಟ ಧ್ವನಿಮತ ಅಂದ್ರೆ ಅದೇ ಕೊನೆ ಮಾತು ಅಂತ ಅಲ್ಲ. ಲೋಕಸಭೆಯ ನಡಾವಳಿ ನಿಯಮ 367 ಓದಿ. ಸ್ಪೀಕರ್ "ಹೌದು ಅನ್ನೋರೇ ಹೆಚ್ಚು ಅಂತ ಕಾಣ್ತದೆ" ಅಂತ ಹೇಳಿದಾಗ ಯಾರಾದರೂ ಸದಸ್ಯರು ಅದನ್ನ ಒಪ್ಪದೆ "ಡಿವಿಷನ್" ಅಂತ ಕೇಳಬಹುದು. ಆಗ ಲಾಬಿ ತೆರವು ಮಾಡಿಸ್ತಾರೆ, ಮೂರೂವರೆ ನಿಮಿಷ ಬಿಟ್ಟು ಮತ್ತೆ ಪ್ರಶ್ನೆ ಮುಂದಿಡ್ತಾರೆ. ಆಗಲೂ ಒಪ್ಪದಿದ್ರೆ ಬಟನ್ ಒತ್ತಿ ಮತ ಹಾಕೋದು. ಪ್ರತಿಯೊಬ್ಬರ ಹೆಸರೂ ಸದನದ ನಡಾವಳಿಯಲ್ಲಿ ಅಚ್ಚಾಗ್ತದೆ.

ಒಂದು ಕಿಂಡಿ ಇದೆ. ಡಿವಿಷನ್ ಅನಗತ್ಯವಾಗಿ ಕೇಳ್ತಿದ್ದಾರೆ ಅಂತ ಸ್ಪೀಕರ್‌ಗೆ ಅನ್ನಿಸಿದ್ರೆ ಸದಸ್ಯರನ್ನ ಎದ್ದು ನಿಲ್ಲಿಸಿ ತಲೆ ಎಣಿಸಿ ಮುಗಿಸಬಹುದು. ಆಗ ಹೆಸರು ದಾಖಲಾಗೋದಿಲ್ಲ ಅಂತ ನಿಯಮದಲ್ಲೇ ಬರೆದಿದೆ.

ಹಾಗಾಗಿ ಸಂಸದರಿಗೆ ಮೊದಲ ಪ್ರಶ್ನೆ "ನೀವು ಯಾವ ಕಡೆ ಮತ ಹಾಕಿದ್ರಿ" ಅಂತ ಬೇಡ. "ಮತದಾರರ ಹಕ್ಕಿನ ಮಸೂದೆಗೆ ನೀವು ಡಿವಿಷನ್ ಕೇಳಿದ್ರಾ? ಮುಂದಿನ ಸಲ ಕೇಳ್ತೀರಾ?" ಅಂತ ಇರಲಿ. ಆಡಳಿತ ಪಕ್ಷದವರೂ ಕೇಳಬಹುದು, ವಿರೋಧ ಪಕ್ಷದವರೂ ಕೇಳಬಹುದು.

ಅಡಕೆತೋಟ
ಇದು ಗೊತ್ತೇ ಇರಲಿಲ್ಲ. 2021ರಲ್ಲಿ ಯಾರೂ ಕೇಳಲಿಲ್ವಾ ಹಾಗಾದ್ರೆ?

ಕಾನೂನು_ಕಟ್ಟೆ
ರಾಜ್ಯಸಭೆಯಲ್ಲಿ ಡಿವಿಷನ್ ಬೇಕು ಅಂತ ಗಲಾಟೆಯೇ ಆಯ್ತು. ತೃಣಮೂಲ ಕಾಂಗ್ರೆಸ್‌ನ ಡೆರೆಕ್ ಓಬ್ರಿಯನ್ ನಿಯಮಾವಳಿ ಪುಸ್ತಕವನ್ನೇ ಪೀಠದ ಕಡೆ ಎಸೆದರು ಅಂತ ಅಧಿವೇಶನ ಮುಗಿಯೋವರೆಗೆ ಅಮಾನತಾದ್ರು. ವಿರೋಧ ಪಕ್ಷದವರು ಹೊರಗೆ ನಡೆದ್ರು. ಮಸೂದೆ ಪಾಸಾಯ್ತು.

ನೇರಮಾತು
ಇದನ್ನೇ ನಾನೂ ಹೇಳೋದು. ಹೊರಗೆ ನಡೆದವರು ಡಿವಿಷನ್ ಕೇಳೋಕೆ ಆಗಲ್ಲ. ಸಭಾತ್ಯಾಗ ಅಂದ್ರೆ ಮತದಾರನ ಪಾಲಿಗೆ ಗೈರುಹಾಜರಿ. ಟಿವಿಗೆ ಬೈಟ್ ಸಿಗ್ತದೆ, ದಾಖಲೆ ಸಿಗಲ್ಲ. ಇದರಲ್ಲಿ ಎರಡೂ ಕಡೆಯವರ ಪಾಲಿದೆ.

ರಾಮನಗರ_ರೇಷ್ಮೆ
ಎಲ್ಲಾ ಸಲ ಅವರಾಗಿ ನಡೆದದ್ದಲ್ಲ. 2023ರ ಚಳಿಗಾಲದ ಅಧಿವೇಶನದಲ್ಲಿ ಎರಡೂ ಸದನ ಸೇರಿ 146 ಸಂಸದರನ್ನ ಅಮಾನತು ಮಾಡಿದ್ರು. ಆಯುಕ್ತರ ನೇಮಕದ ಮಸೂದೆ ಲೋಕಸಭೆಯಲ್ಲಿ ಪಾಸಾದದ್ದು ಡಿಸೆಂಬರ್ 21ಕ್ಕೆ. ಅವತ್ತೇ ಅಮಾನತಾದ ಮೂವರಲ್ಲಿ ಆಗ ಬೆಂಗಳೂರು ಗ್ರಾಮಾಂತರದ ಸಂಸದರಾಗಿದ್ದ ಡಿ.ಕೆ. ಸುರೇಶ್ ಒಬ್ಬರು. ಅವರ ಪರವಾಗಿ ಹೇಳ್ತಿಲ್ಲ, ಅವರ ಕ್ಷೇತ್ರದ ಜನರ ಪರವಾಗಿ ಹೇಳ್ತಿದೀನಿ. ಚುನಾವಣೆ ನಡೆಸೋರನ್ನ ಆರಿಸೋ ಕಾನೂನು ಆಗೋ ಹೊತ್ತಿಗೆ ಅಷ್ಟು ಲಕ್ಷ ಮತದಾರರ ಕುರ್ಚಿ ಖಾಲಿ ಇತ್ತು.

ಮೈಸೂರು_ವೀಳ್ಯ
ಆ ಕಾಯ್ದೆ ಬಗ್ಗೆ ಒಂದು ಮಾತು. ಅನೂಪ್ ಬರನ್ವಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2023ರ ಮಾರ್ಚ್ 2ಕ್ಕೆ ಹೇಳಿದ್ದು ಪ್ರಧಾನಿ, ವಿರೋಧ ಪಕ್ಷದ ನಾಯಕ, ಮುಖ್ಯ ನ್ಯಾಯಮೂರ್ತಿ ಮೂವರೂ ಸೇರಿ ಆರಿಸಿ ಅಂತ. ಆದ್ರೆ ಸಂಸತ್ತು ಕಾನೂನು ಮಾಡೋವರೆಗೆ ಮಾತ್ರ ಅಂತಲೂ ಅದರಲ್ಲೇ ಇತ್ತು. ಸಂಸತ್ತು ಮಾಡ್ತು. ಇದರಲ್ಲಿ ತಪ್ಪೇನು?

ರಾಮನಗರ_ರೇಷ್ಮೆ
ಮಾಡೋ ಅಧಿಕಾರ ಇಲ್ಲ ಅಂತ ಯಾರೂ ಹೇಳ್ತಿಲ್ಲ. ಮುಖ್ಯ ನ್ಯಾಯಮೂರ್ತಿಯ ಜಾಗಕ್ಕೆ ಪ್ರಧಾನಿಯೇ ಹೆಸರಿಸೋ ಒಬ್ಬ ಸಚಿವರು ಬಂದ್ರು. ಮೂವರಲ್ಲಿ ಇಬ್ಬರು ಸರ್ಕಾರದವರೇ. ನಾಳೆ ಬೇರೆ ಪಕ್ಷ ಬಂದ್ರೂ ಇದೇ ವ್ಯವಸ್ಥೆ. ಇದು ನಿಮಗೆ ಸರಿ ಅನ್ನಿಸ್ತಾ ಅಂತ ನನ್ನ ಸಂಸದರನ್ನ ಕೇಳೋ ಹಕ್ಕು ನನಗಿದೆ, ಅವರು ಯಾವ ಪಕ್ಷದವರಾದರೂ ಸರಿ.

ಮೈಸೂರು_ವೀಳ್ಯ
ಕೇಳೋದು ಒಪ್ಪಿದೆ. ಆದ್ರೆ ಆಧಾರ್ ವಿಷಯದಲ್ಲಿ ನಾನು ನಿಮ್ಮ ಜೊತೆ ಇಲ್ಲ. ನಮ್ಮ ಬೀದಿಯಲ್ಲೇ ಬಾಡಿಗೆ ಮನೆ ಬದಲಿಸಿದವರ ಹೆಸರು ಎರಡು ಕಡೆ ಇದೆ. ಬೆಂಗಳೂರಲ್ಲಿ ಕೇಳೋದೇ ಬೇಡ. ಮಸೂದೆಗಳನ್ನ ಕೂತು ಪರಿಶೀಲಿಸೋ ಸಂಸತ್ತಿನ ಸ್ಥಾಯಿ ಸಮಿತಿಯೇ ಹಿಂದೆ ಶಿಫಾರಸು ಮಾಡಿತ್ತು ಅಂತ ಸರ್ಕಾರ ಅವತ್ತೇ ಹೇಳಿದೆ. ವರ್ಷಕ್ಕೆ ಒಂದೇ ಸಲ ಇದ್ದ ಅರ್ಹತಾ ದಿನಾಂಕವನ್ನ (18 ತುಂಬಿದೆಯಾ ಅಂತ ನೋಡೋ ದಿನ) ನಾಲ್ಕು ಮಾಡಿದ್ದೂ ಅದೇ ಮಸೂದೆ. 18 ತುಂಬಿದ ಹುಡುಗರಿಗೆ ಅದರಿಂದ ಎಷ್ಟು ಅನುಕೂಲ ಆಗಿದೆ!

ಟೀಚರಮ್ಮ_ಬಿಎಲ್‌ಓ
ನಾನು ಶಾಲಾ ಶಿಕ್ಷಕಿ, ಬಿಎಲ್‌ಓ (ಮತಗಟ್ಟೆ ಮಟ್ಟದ ಅಧಿಕಾರಿ) ಕೆಲಸವೂ ಇದೆ. ಇಬ್ಬರು ಹೇಳಿದ್ದರಲ್ಲೂ ಸತ್ಯ ಇದೆ. ತೀರಿಹೋದವರ ಹೆಸರು ಪಟ್ಟಿಯಲ್ಲಿ ಇರೋದು ನಿಜ. ಮನೆಯವರು ಹೇಳಲ್ಲ, ನಾವಾಗಿ ತೆಗೆಯೋ ಹಾಗಿಲ್ಲ, ಹೆಸರು ತೆಗೆಯೋ ಅರ್ಜಿ, ಅಂದ್ರೆ ನಮೂನೆ 7, ಬರಬೇಕು, ಸ್ಥಳಕ್ಕೆ ಹೋಗಿ ನೋಡಬೇಕು. ಮದುವೆಯಾಗಿ ಬೇರೆ ಊರಿಗೆ ಹೋದ ಹೆಣ್ಣುಮಕ್ಕಳದ್ದಂತೂ ಎರಡೂ ಕಡೆ ತೊಂದರೆ. ತವರಲ್ಲಿ ತೆಗೆದುಹಾಕಿರ್ತಾರೆ, ಗಂಡನ ಊರಲ್ಲಿ ಸೇರಿಸಿರಲ್ಲ.

ಆಧಾರ್‌ಗೆ ನಮೂನೆ 6ಬಿ ಕೊಟ್ಟು ಸಂಗ್ರಹಿಸಿ ಅಂದ್ರು. ಜನ ಕಡ್ಡಾಯ ಅಂದುಕೊಂಡೇ ಕೊಟ್ಟರು. ನಮೂನೆಯಲ್ಲಿ ಇದ್ದದ್ದು ಎರಡೇ ಆಯ್ಕೆ, ಒಂದೋ ಆಧಾರ್ ಸಂಖ್ಯೆ ಕೊಡಿ, ಇಲ್ಲವಾದರೆ ನನ್ನ ಹತ್ತಿರ ಆಧಾರ್ ಇಲ್ಲ ಅಂತ ಬರೆಯಿರಿ. "ಇದೆ, ಆದರೆ ಕೊಡಲ್ಲ" ಅನ್ನೋರಿಗೆ ಜಾಗವೇ ಇರಲಿಲ್ಲ. ಆಮೇಲೆ 2023ರಲ್ಲಿ ಆಯೋಗವೇ ಸುಪ್ರೀಂ ಕೋರ್ಟಿಗೆ ಕಡ್ಡಾಯ ಅಲ್ಲ ಅಂತ ಹೇಳಿತು. ಅಷ್ಟರಲ್ಲಿ 66 ಕೋಟಿಗೂ ಹೆಚ್ಚು ಸಂಖ್ಯೆ ಸೇರಿ ಆಗಿತ್ತು. ಮನೆಮನೆಗೆ ಹೋದ ನಮಗೆ ಯಾರಾದ್ರೂ ಕೇಳಿದ್ರೆ ಏನು ಹೇಳಬೇಕು ಅಂತಲೇ ಸ್ಪಷ್ಟ ಇರಲಿಲ್ಲ. ಆ ಮಸೂದೆಯನ್ನ ಸ್ಥಾಯಿ ಸಮಿತಿಗೆ ಕಳಿಸಿ ಒಂದೆರಡು ತಿಂಗಳು ಕೂತು ನೋಡಿದ್ರೆ ಈ ನಮೂನೆಯ ಪ್ರಶ್ನೆ ಅಲ್ಲೇ ಎದ್ದಿರೋದು.

ಕಲಬುರ್ಗಿ_ತೊಗರಿ
ಟೀಚರಮ್ಮ ನಮೂನೆ 7 ಅಂದ್ರಲ್ಲ, ನಮ್ ಆಳಂದದ್ದು ಎಲ್ಲರಿಗೂ ಗೊತ್ತಿರಬೇಕು. 2023ರ ವಿಧಾನಸಭಾ ಚುನಾವಣಿ ಮುಂಚಿ ಹೆಸರು ತಗೀರಿ ಅಂತ 6,018 ಅರ್ಜಿ ಆನ್‌ಲೈನ್‌ನಾಗ ಬಂದವು. ತಪಾಸ್ ಮಾಡಿದ್ರ ಖರೇ ಇದ್ದದ್ದು ಬರೀ 24. ಉಳದ 5,994 ತಿರಸ್ಕಾರ ಆದವು. ಅರ್ಜಿ ಯಾರ ಹೆಸರ್ಲಿಂದ ಹೋಗ್ಯಾದೋ ಅವರಿಗೇ ಅದು ಗೊತ್ತಿದ್ದಿಲ್ಲ. ಅಲ್ಲಿನ ಕಾಂಗ್ರೆಸ್ ನಾಯಕ ಬಿ.ಆರ್. ಪಾಟೀಲರು ದೂರು ಕೊಟ್ಟ ಮ್ಯಾಲ ಎಫ್‌ಐಆರ್ ಆಯ್ತು, 2025ರಾಗ ಎಸ್‌ಐಟಿ ಬಂತು.

ಮೈಸೂರಿನವ್ರು ಆಧಾರ್ ಬೇಕು ಅಂತಾರ. ಇಲ್ಲಿ ನೋಡ್ರಿ, ಹೆಸರು ತಗೀರಿ ಅಂತ ಅರ್ಜಿ ಹಾಕವ್ರ ಗುರುತು ನೋಡೋದೇ ಇದ್ದಿಲ್ಲ. ಆಧಾರ್ ಮೊಬೈಲ್ ಮ್ಯಾಲ ಇ-ಸೈನ್ ಮಾಡಬೇಕು ಅನ್ನೋದು ಬಂದದ್ದು 2025ರಾಗ, ಇಷ್ಟೆಲ್ಲ ಗದ್ದಲ ಆದ ಮ್ಯಾಲ. ಓಟು ಹಾಕವ್ರ ಆಧಾರ್ 2021ರಾಗೇ ಬೇಕಾಗಿತ್ತು, ಓಟು ತಗಿಸವ್ರದ್ದು ನಾಕು ವರ್ಷ ಬಿಟ್ಟು. ಈ ಪ್ರಶ್ನಿ ಸಂಸತ್ತಿನಾಗ ಯಾವ ಕರ್ನಾಟಕದ ಸಂಸದರು ಮುಂಚೇನೇ ಎತ್ತಿದ್ರು ಅಂತ ಹುಡುಕಬೇಕು.

ಮೈಸೂರು_ವೀಳ್ಯ
ಈ ಮಾತು ಒಪ್ಪಬೇಕಾದ್ದೇ. ಸೇರಿಸೋಕೆ ಎಷ್ಟು ಗಟ್ಟಿ ತಪಾಸಣೆ ಇದೆಯೋ ತೆಗೆಯೋಕೆ ಅದಕ್ಕಿಂತ ಗಟ್ಟಿ ಇರಬೇಕು.

ಸಿಲಿಕಾನ್_ಸಿಟಿ_ಸಿಟಿಜನ್
ಬೆಂಗಳೂರಿನವರ ಅನುಭವವೂ ಸೇರಿಸಿಕೊಳ್ಳಿ. 2022ರ ನವೆಂಬರ್‌ನಲ್ಲಿ ಒಂದು ಖಾಸಗಿ ಸಂಸ್ಥೆಯವರು ಮತದಾರರ ಜಾಗೃತಿ ಅಂತ ಹೇಳಿಕೊಂಡು ಮನೆಮನೆಯ ಮಾಹಿತಿ ಸಂಗ್ರಹಿಸಿದ್ದು ಹೊರಗೆ ಬಂತು. ಆಯೋಗ ಶಿವಾಜಿನಗರ, ಚಿಕ್ಕಪೇಟೆ, ಮಹದೇವಪುರದ ಪಟ್ಟಿಗಳನ್ನ ಮತ್ತೆ ಪರಿಶೀಲಿಸೋಕೆ ಹೇಳಿತು. ಅದೇ ಮಹದೇವಪುರದ ಪಟ್ಟಿ ಬಗ್ಗೆ 2025ರ ಆಗಸ್ಟ್‌ನಲ್ಲಿ ರಾಹುಲ್ ಗಾಂಧಿ ಆರೋಪ ಮಾಡಿದ್ರು, ಆಯೋಗ ಅಲ್ಲಗಳೆಯಿತು. ಯಾರು ಸರಿ ಅಂತ ಇಲ್ಲಿ ಜಗಳ ಆಡೋದು ಬೇಡ.

ನನ್ನ ಪ್ರಶ್ನೆ ಬೇರೆ. 2024ರ ಡಿಸೆಂಬರ್‌ನಲ್ಲಿ ಚುನಾವಣಾ ನಿಯಮ 93ಕ್ಕೆ ತಿದ್ದುಪಡಿ ತಂದು ಸಿಸಿಟಿವಿ ದೃಶ್ಯದಂಥ ದಾಖಲೆಗಳು ಸಾರ್ವಜನಿಕರಿಗೆ ಸಿಗದ ಹಾಗೆ ಮಾಡಿದ್ರು. ಇದು ನಿಯಮ ಆದ್ದರಿಂದ ಸದನದಲ್ಲಿ ಮತಕ್ಕೇ ಬರಲಿಲ್ಲ. ಇಂಥದ್ದಕ್ಕೆ ಸಂಸದರನ್ನ ಹೇಗೆ ಕೇಳೋದು?

ಕಾನೂನು_ಕಟ್ಟೆ
ನಿಯಮಗಳನ್ನೂ ಸದನದ ಮುಂದೆ ಇಡಬೇಕು. ಪ್ರಜಾಪ್ರತಿನಿಧಿ ಕಾಯ್ದೆ 1951ರ ಕಲಂ 169 ನೋಡಿ. ಇಟ್ಟ ಮೇಲೆ ಬದಲಾವಣೆ ಬೇಕು ಅಂತ ಯಾವ ಸಂಸದರಾದರೂ ಸೂಚನೆ ತರಬಹುದು. ಕೊಟ್ರಾ ಇಲ್ವಾ ಅಂತ ಕೇಳಿ.

ಹುಬ್ಬಳ್ಳಿ_ಗಾಳಿ
ಇಷ್ಟೆಲ್ಲಾ ದಾರಿ ಅದಾವು ಅಂದ್ರ ಕೈಯಾಗ ಏನೂ ಇಲ್ಲ ಅನ್ನೋ ನೆಪ ಇನ್ನ ನಡಿಯಂಗಿಲ್ಲ ಬಿಡ್ರಿ.

ನೇರಮಾತು
ಎಲ್ಲಾ ದಾರಿಗೂ ಕೊನೆಗೆ ವಿಪ್ ಅನ್ನೋ ಗೇಟ್ ಇದೆ ಅಂತ ಮತ್ತೆ ಹೇಳ್ತೀನಿ. ಸಂವಿಧಾನದ ಹತ್ತನೇ ಅನುಸೂಚಿ, ಅಂದ್ರೆ ಪಕ್ಷಾಂತರ ನಿಷೇಧ, ಇರೋವರೆಗೆ ಸಂಸದ ಪಕ್ಷದ ಆಳು.

ಕಾನೂನು_ಕಟ್ಟೆ
ಹತ್ತನೇ ಅನುಸೂಚಿಯನ್ನ ಸರಿಯಾಗಿ ಓದಿ ಸರ್. 1985ರ 52ನೇ ತಿದ್ದುಪಡಿ. ಅದರ ಪ್ರಕಾರ ಸದಸ್ಯತ್ವ ಹೋಗೋದು ಎರಡಕ್ಕೆ: ತಾನಾಗಿ ಪಕ್ಷ ಬಿಟ್ಟರೆ, ಅಥವಾ ವಿಪ್‌ಗೆ ವಿರುದ್ಧ ಮತ ಹಾಕಿದ್ರೆ ಇಲ್ಲವೇ ಮತಕ್ಕೆ ಗೈರಾದ್ರೆ. ಪ್ರಶ್ನೆ ಕೇಳೋದು, ಶೂನ್ಯವೇಳೆಯಲ್ಲಿ ಮಾತಾಡೋದು, ತಿದ್ದುಪಡಿ ಸೂಚಿಸೋದು, ಸ್ಥಾಯಿ ಸಮಿತಿಯಲ್ಲಿ ಭಿನ್ನಾಭಿಪ್ರಾಯ ಬರೆಯೋದು, ಡಿವಿಷನ್ ಕೇಳೋದು ಯಾವುದೂ ಆ ಪಟ್ಟಿಯಲ್ಲಿ ಇಲ್ಲ. ಪಕ್ಷ ಮುನಿಸಿಕೊಳ್ಳಬಹುದು, ಮುಂದಿನ ಸಲ ಟಿಕೆಟ್ ತಪ್ಪಿಸಬಹುದು. ಅಷ್ಟಕ್ಕೇ ಸ್ಥಾನ ಹೋಗಬಾರದು. "ಪಕ್ಷ ಬಿಟ್ಟರೆ" ಅನ್ನೋದನ್ನ ಕೆಲವು ಪ್ರಕರಣಗಳಲ್ಲಿ ವಿಶಾಲವಾಗಿ ಅರ್ಥೈಸಿದ್ದಾರೆ, ಅದೂ ನಿಜ. ಆದ್ರೂ ಒಂದು ಪ್ರಶ್ನೆ ಕೇಳಿದ್ದಕ್ಕೆ ಯಾರ ಸ್ಥಾನವೂ ಹೋಗಿಲ್ಲ.

ಆದ್ದರಿಂದ ಮತ ಹಾಕಿದ್ದಕ್ಕೆ ವಿಪ್ ಕಾರಣ ಅಂತ ಸಂಸದರು ಹೇಳಿದ್ರೆ ಒಪ್ಪಿಕೊಳ್ಳಿ. ಬಾಯಿ ಮುಚ್ಚಿಕೊಂಡಿದ್ದಕ್ಕೂ ವಿಪ್ ಕಾರಣ ಅಂದ್ರೆ ಒಪ್ಪಬೇಡಿ.

ಕರಾವಳಿ_ಬಂಗುಡೆ
ಎಷ್ಟು ಚಂದ ಹೇಳಿದ್ರಿ ಮಾರಾಯ್ರೆ. ಈ ಕಡೆಯ ಪ್ಯಾರಾ ಪತ್ರದಲ್ಲಿ ಹಾಗೆಯೇ ಹಾಕ್ಲಿಕ್ಕೆ ಉಂಟು.

ಪಕ್ಷದ ವಿಷಯ ಬಂದದ್ದಕ್ಕೆ ಒಂದು ಹೇಳ್ತೇನೆ. ತಮ್ಮ ಮೇಲೆ ಬಂದಾಗ ಇವರೆಲ್ಲ ಒಂದೇ. ಅಭ್ಯರ್ಥಿಗಳು ಕೇಸು, ಆಸ್ತಿ ಹೇಳಬೇಕು ಅಂತ ಸುಪ್ರೀಂ ಕೋರ್ಟ್ 2002ರಲ್ಲಿ ಹೇಳಿದಾಗ ಎನ್‌ಡಿಎ ಸರ್ಕಾರ ಸುಗ್ರೀವಾಜ್ಞೆ ತಂದು ತಡೀಲಿಕ್ಕೆ ನೋಡಿತು, 2003ರಲ್ಲಿ ಕೋರ್ಟ್ ಅದನ್ನು ಬಿಡ್ಲಿಲ್ಲ. 2013ರ ಜುಲೈಯಲ್ಲಿ ಲಿಲ್ಲಿ ಥಾಮಸ್ ತೀರ್ಪು ಬಂತು, ಎರಡು ವರ್ಷ ಅಥವಾ ಹೆಚ್ಚು ಶಿಕ್ಷೆ ಆದವರ ಸ್ಥಾನ ಕೂಡಲೇ ಹೋಗ್ತದೆ ಅಂತ. ಆಗ ಯುಪಿಎ ಸರ್ಕಾರ ಅದನ್ನು ತಪ್ಪಿಸ್ಲಿಕ್ಕೆ ಸುಗ್ರೀವಾಜ್ಞೆ ಸಿದ್ಧ ಮಾಡಿತ್ತು, ರಾಹುಲ್ ಗಾಂಧಿಯೇ ಬಹಿರಂಗವಾಗಿ ವಿರೋಧಿಸಿದ ಮೇಲೆ ಹಿಂದೆ ತೆಗೆದರು. ಅದೇ ವರ್ಷ ಆರು ರಾಷ್ಟ್ರೀಯ ಪಕ್ಷಗಳು ಮಾಹಿತಿ ಹಕ್ಕಿನ ಕೆಳಗೆ ಬರ್ತವೆ ಅಂತ ಕೇಂದ್ರ ಮಾಹಿತಿ ಆಯೋಗ ಹೇಳಿತು. ಇವತ್ತಿನವರೆಗೆ ಒಂದು ಪಕ್ಷವೂ ತಲೆ ಕೆಡಿಸಿಕೊಂಡಿಲ್ಲ.

ಕಲಬುರ್ಗಿ_ತೊಗರಿ
ಇನ್ನೊಂದು ಸೇರಸ್ರಿ. ಜೈಲಿನಾಗ ಇರೋ ವಿಚಾರಣಾಧೀನ ಕೈದಿ ಓಟು ಹಾಕಂಗಿಲ್ಲ, ಕಲಂ 62(5). ಆದ್ರ ಚುನಾವಣಿಗಿ ನಿಂದ್ರಬಹುದು! ನಿಂದ್ರಬಾರದು ಅಂತ ಕೋರ್ಟ್ ಹೇಳಿದ್ರ 2013ರಾಗ ಸಂಸತ್ತು ತಿದ್ದುಪಡಿ ತಂದು ನಿಂದ್ರಲಾಕ ಅವಕಾಶ ಮಾಡಿಕೊಟ್ಟಿತು. ಬಡ ಕೈದಿದು ಓಟಿನ ಹಕ್ಕು ಮಾತ್ರ ಯಾರಿಗೂ ನೆನಪಾಗ್ಲಿಲ್ಲ.

ಡಬ್ಲಿನ್_ದಾವಣಗೆರೆ
ಹೊರಗಿರೋ ನಮ್ಮದೂ ಒಂದು ಕಥೆ. 2010ರ ತಿದ್ದುಪಡಿಯಿಂದ ಪಾಸ್‌ಪೋರ್ಟ್ ಇರೋ ಅನಿವಾಸಿಗಳು ನಮೂನೆ 6ಎ ತುಂಬಿ ಹೆಸರು ಸೇರಿಸಬಹುದು. ಆದ್ರೆ ಓಟು ಹಾಕೋಕೆ ಊರಿಗೇ ಬರಬೇಕು. 2024ರಲ್ಲಿ ಇಡೀ ದೇಶದಲ್ಲಿ ಹೆಸರು ಸೇರಿಸಿದವರು ಸುಮಾರು 1.19 ಲಕ್ಷ, ಬಂದು ಓಟು ಹಾಕಿದವರು 3 ಸಾವಿರದ ಒಳಗೆ. ಪ್ರತಿನಿಧಿ ಮೂಲಕ ಮತ ಹಾಕೋ ಮಸೂದೆ 2018ರ ಆಗಸ್ಟ್‌ನಲ್ಲಿ ಲೋಕಸಭೆ ದಾಟಿತ್ತು, ರಾಜ್ಯಸಭೆಗೆ ಬರೋಷ್ಟರಲ್ಲಿ ಲೋಕಸಭೆಯ ಅವಧಿ ಮುಗಿದು ಬಿದ್ದುಹೋಯ್ತು.

ಕಲಬುರ್ಗಿ_ತೊಗರಿ
ಅಣ್ಣಾ, ನಿಮ್ಮದು ಇರಲಿ. ನಮ್ ಕಡಿಂದ ಪುಣೆ, ಮುಂಬೈ, ಬೆಂಗಳೂರಿಗಿ ದುಡಿಲಾಕ ಹೋದವ್ರು ದೇಶದಾಗೇ ಇದ್ದೂ ಓಟು ಹಾಕಲಾಕ ಬರಲ್ಲ. ಬಸ್ ಚಾರ್ಜು ಯಾರ್ ಕೊಡಬೇಕು, ಎರಡು ದಿನದ ಕೂಲಿ ಯಾರ್ ಕೊಡಬೇಕು? ಇದ್ದ ಊರಿಂದಲೇ ಓಟು ಹಾಕೋ ಯಂತ್ರ ಅಂತ 2023ರ ಜನವರಿ 16ಕ್ಕ ಆಯೋಗ ಪಕ್ಷದವ್ರನ್ನ ಕರಿಸ್ತು. ಒಂದು ಯಂತ್ರದಾಗ 72 ಕ್ಷೇತ್ರದ ಓಟು ಹಾಕಬಹುದು ಅಂದಿತ್ತು. ವಿರೋಧ ಪಕ್ಷದವ್ರು ಒಪ್ಪಲಿಲ್ಲ, ಅವರ ಅನುಮಾನನೂ ಇರಲಿ, ಆದ್ರ ಅದು ಬ್ಯಾಡ ಅಂದ್ರ ಮತ್ತೊಂದು ದಾರಿ ಹೇಳಬೇಕಲ್ಲ? ಈ ಪ್ರಶ್ನಿ ಪತ್ರದಾಗ ಮೊದಲ ಹಾಕ್ರಿ. ಕಲ್ಯಾಣ ಕರ್ನಾಟಕದ ಐದೂ ಸಂಸದರಿಗಿ ನಾ ಕಳಸ್ತೀನಿ.

ಡಬ್ಲಿನ್_ದಾವಣಗೆರೆ
ಖಂಡಿತ, ಅದು ಮೊದಲು ಬರಲಿ. ನಮ್ಮದು ಆಮೇಲೆ.

ಜಯನಗರ_ಜೋಗಿ
ಎಲ್ಲರೂ ದೆಹಲಿ ದೆಹಲಿ ಅಂತಿದೀರಲ್ಲ, ಬಿಬಿಎಂಪಿ ಕೌನ್ಸಿಲ್ ಅವಧಿ ಮುಗಿದದ್ದು 2020ರ ಸೆಪ್ಟೆಂಬರ್‌ನಲ್ಲಿ. ಜಿಲ್ಲಾ ಪಂಚಾಯಿತಿ, ತಾಲ್ಲೂಕು ಪಂಚಾಯಿತಿದು 2021ರಲ್ಲಿ. ವರ್ಷಗಟ್ಟಲೆ ಚುನಾವಣೆಯೇ ಮಾಡದೆ ಎಳೆದದ್ದು ಬಿಜೆಪಿ ಸರ್ಕಾರವೂ ಹೌದು, ಕಾಂಗ್ರೆಸ್ ಸರ್ಕಾರವೂ ಹೌದು. 1983ರಲ್ಲೇ ಪಂಚಾಯಿತಿ ಕಾಯ್ದೆ ತಂದು ಹೆಣ್ಣುಮಕ್ಕಳಿಗೆ ಶೇ 25 ಮೀಸಲು ಕೊಟ್ಟ ರಾಜ್ಯ ಇದು. ಆ ಕಾಯ್ದೆ ತಂದ ಸಚಿವ ನಜೀರ್ ಸಾಬರ ನಾಡು ಅಂತೀವಿ.

ಟೀಚರಮ್ಮ_ಬಿಎಲ್‌ಓ
ಇದು ಸತ್ಯ, ಆದ್ರೆ ಅದಕ್ಕೆ ಶಾಸಕರನ್ನ ಹಿಡಿಯಬೇಕು. ಬೇರೆ ಎಳೆ ತೆಗೀರಿ ಸರ್, ನಾನೂ ಬರ್ತೀನಿ.

ಹೆಣ್ಣುಮಕ್ಕಳ ಮೀಸಲು ಅಂದ್ರಲ್ಲ, ಲೋಕಸಭೆ, ವಿಧಾನಸಭೆಗೆ ಅದನ್ನ ತಂದ ಮಸೂದೆಗೆ ಮಾತ್ರ ದಾಖಲೆ ಇದೆ. ಸಂವಿಧಾನ ತಿದ್ದುಪಡಿ ಆದ್ದರಿಂದ ಡಿವಿಷನ್ ಆಗಲೇಬೇಕು. 2023ರ ಸೆಪ್ಟೆಂಬರ್ 20ಕ್ಕೆ ಲೋಕಸಭೆಯಲ್ಲಿ 454 ಪರ, 2 ವಿರುದ್ಧ. ದೇವೇಗೌಡರ ಸರ್ಕಾರ 1996ರಲ್ಲಿ ಮೊದಲು ಮಂಡಿಸಿದ್ದು, 27 ವರ್ಷ ಆದ ಮೇಲೆ ಪಾಸಾಯ್ತು. ಆದ್ರೆ ಜನಗಣತಿ, ಕ್ಷೇತ್ರ ಮರುವಿಂಗಡಣೆ ಆದ ಮೇಲೆ ಜಾರಿ ಅನ್ನೋ ಷರತ್ತು ಅದರೊಳಗೇ ಇತ್ತು. 2024ರಲ್ಲಿ ಕರ್ನಾಟಕದ 28ರಲ್ಲಿ ಗೆದ್ದ ಮಹಿಳೆಯರು ಮೂವರೇ. ಹೌದು ಅಂತ ಮತ ಹಾಕಿದ ಪ್ರತಿಯೊಬ್ಬರನ್ನೂ "ಷರತ್ತು ಯಾಕೆ ಒಪ್ಪಿದ್ರಿ" ಅಂತ ಕೇಳಬೇಕು. ದಾಖಲೆ ಇದ್ರೆ ಇಷ್ಟು ನೇರವಾಗಿ ಕೇಳೋಕೆ ಆಗ್ತದೆ.

ಅಡಕೆತೋಟ
ತುಂಬಾ ಉಪಕಾರ ಆಯ್ತು. ಪತ್ರದ ಪ್ರಶ್ನೆಗಳು ಈಗ ಸ್ಪಷ್ಟ ಆದವು. ಮತದಾರರ ಪಟ್ಟಿ, ಆಯೋಗ, ಮತದಾನಕ್ಕೆ ಸಂಬಂಧಿಸಿದ ಯಾವ ಮಸೂದೆ ಬಂದ್ರೂ ಡಿವಿಷನ್ ಕೇಳ್ತೀರಾ? ಸ್ಥಾಯಿ ಸಮಿತಿಗೆ ಕಳಿಸಿ ಅಂತ ಒತ್ತಾಯ ಮಾಡ್ತೀರಾ? ವಲಸೆ ಹೋದವರ ಮತದ ಬಗ್ಗೆ, ನಮೂನೆ 7ರ ಬಗ್ಗೆ ಇದುವರೆಗೆ ಒಂದಾದರೂ ಪ್ರಶ್ನೆ ಕೇಳಿದ್ದೀರಾ? ಲಿಖಿತ ಉತ್ತರ ಕೊಡಿ ಅಂತ ಹೇಳ್ತೀವಿ. ಆದ್ರೆ ನಾವು ಹಿಂದೆ ಬೇರೊಂದು ವಿಷಯಕ್ಕೆ ಬರೆದಾಗ ಕಚೇರಿಯಿಂದ ಸ್ವೀಕೃತಿ ಬಿಟ್ಟು ಏನೂ ಬರಲಿಲ್ಲ.

ಕಾನೂನು_ಕಟ್ಟೆ
ಪತ್ರ ಕೊಡೋ ಮೊದಲು ಸಂಸತ್ತಿನ ಜಾಲತಾಣದಲ್ಲಿ ನಿಮ್ಮ ಸಂಸದರ ಹೆಸರು ಹಾಕಿ, ಕಾನೂನು ಮತ್ತು ನ್ಯಾಯ ಸಚಿವಾಲಯಕ್ಕೆ ಕೇಳಿದ ಪ್ರಶ್ನೆಗಳನ್ನ ಹುಡುಕಿ. ಚುನಾವಣೆ ವಿಷಯ ಆ ಸಚಿವಾಲಯಕ್ಕೆ ಬರ್ತದೆ. 2025ರ ಡಿಸೆಂಬರ್‌ನಲ್ಲಿ ಲೋಕಸಭೆಯಲ್ಲಿ ಚುನಾವಣಾ ಸುಧಾರಣೆ ಬಗ್ಗೆ ಚರ್ಚೆ ಆಗಿದೆ, ಅದರಲ್ಲಿ ನಿಮ್ಮವರು ಮಾತಾಡಿದ್ರಾ ನೋಡಿ. ಮಾತಾಡಿದ್ರೆ ಅವರ ಮಾತನ್ನೇ ಪತ್ರದಲ್ಲಿ ಹಾಕಿ ಮುಂದಿನ ಪ್ರಶ್ನೆ ಕೇಳಿ. ಸಚಿವರಾಗಿದ್ರೆ ಪ್ರಶ್ನೆ ಕೇಳೋ ಹಾಗಿಲ್ಲ, ಅವರಿಗೆ ಬೇರೆ ಥರ ಬರೀಬೇಕು.

ಉತ್ತರ ಬರದಿದ್ರೆ ಲೋಕಸಭೆಯ ಅರ್ಜಿ ಸಮಿತಿ ಇದೆ. ಯಾವ ನಾಗರಿಕರಾದರೂ ಅರ್ಜಿ ಕೊಡಬಹುದು. ಸಂಸದರ ಮೂಲಕ ಮಂಡಿಸಿದ್ರೆ ಅವರ ಮೇಲುಸಹಿ ಬೇಕು. ಆ ಸಹಿ ಕೇಳೋಕೆ ಅಂತಲೇ ಊರಿನವರು ಒಟ್ಟಾಗಿ ಹೋಗಿ. ಹಾಕ್ತಾರೋ ಇಲ್ಲವೋ ಅಲ್ಲೇ ಗೊತ್ತಾಗ್ತದೆ.

ಹುಬ್ಬಳ್ಳಿ_ಗಾಳಿ
ಅರ್ಜಿ ಕನ್ನಡದಾಗ ಕೊಡಬಹುದೇನ್ರಿ? ಜೆ.ಎಚ್. ಪಟೇಲರು 1967ರಾಗ ಲೋಕಸಭಾದಾಗ ಕನ್ನಡದಾಗ ಮಾತಾಡಿದ್ರು.

ಕಾನೂನು_ಕಟ್ಟೆ
ಕೊಡಬಹುದು, ಆದ್ರೆ ಹಿಂದಿ ಅಥವಾ ಇಂಗ್ಲಿಷ್ ಅನುವಾದ ಜೊತೆಗೆ ಇರಬೇಕು, ಅದಕ್ಕೂ ಅರ್ಜಿದಾರರ ಸಹಿ ಬೇಕು.

ಕರಾವಳಿ_ಬಂಗುಡೆ
ಇಂಗ್ಲಿಷ್ ನಾನು ಮಾಡಿ ಕೊಡ್ತೇನೆ. ಕನ್ನಡದ ಕರಡು ಯಾರು ಹಾಕ್ತೀರಿ?

ಅಡಕೆತೋಟ
ಭಾನುವಾರ ನಾವೆಲ್ಲ ಮತ್ತೆ ಸೇರ್ತೀವಿ. ಅವತ್ತು ಸಂಜೆ ಕರಡು ಇಲ್ಲೇ ಹಾಕ್ತೀನಿ. ನಮೂನೆ 7ರ ಭಾಗವನ್ನ ಟೀಚರಮ್ಮ ಒಮ್ಮೆ ನೋಡಿಕೊಡಿ.

ಟೀಚರಮ್ಮ_ಬಿಎಲ್‌ಓ
ಆಯ್ತು, ಹಾಕಿ. ನಮೂನೆ 6ಬಿ ಬಗ್ಗೆಯೂ ಎರಡು ಸಾಲು ನಾನೇ ಬರೆದು ಕಳಿಸ್ತೀನಿ.